ಚೀಟಿಯ ಮೇಲಿನ ಒಂಬತ್ತು

ಆ ಚಳಿಗಾಲದಲ್ಲಿ ನಾನು ಆರು ಜಿಂಕೆಗಳ ವಯಸ್ಸನ್ನು ಸುಳ್ಳು ಬರೆದೆ. ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ. ಬರೆದದ್ದರಿಂದ ನನಗೆ ಸಿಗಬೇಕಾದ್ದೂ ಏನಿರಲಿಲ್ಲ. ಆದರೂ ಬರೆದೆ. ಜನವರಿಯಿಂದ ಮಾರ್ಚ್‌ವರೆಗೆ ಪ್ರತಿ ಗುರುವಾರ ಬೆಳಿಗ್ಗೆ ಹೆದರಿಕೊಂಡೇ ಟ್ರಾಮ್ ಹತ್ತಿ ಹೋಗುತ್ತಿದ್ದೆ.

ಜಿಂಕೆಗೂ ನನಗೂ ಏನು ಸಂಬಂಧ ಎಂದರೆ ಹಲ್ಲು. ನಾನು ದಂತವೈದ್ಯೆ. ಅಂದರೆ ಊರಿನಲ್ಲಿ ದಂತವೈದ್ಯೆ. ಇಲ್ಲಿ, ನಾಟಿಂಗ್‌ಹ್ಯಾಮ್‌ನಲ್ಲಿ, ಇನ್ನೊಬ್ಬರ ಬಾಯಿಗೆ ಕೈ ಹಾಕಬೇಕಾದರೆ ಇವರ ಪರೀಕ್ಷೆಗಳನ್ನು ಪಾಸು ಮಾಡಿರಬೇಕು. ಮೊದಲನೆಯ ಭಾಗ ಮುಗಿಸಿ, ಎರಡನೆಯದಕ್ಕೆ ಸೀಟು ಸಿಗದೆ ಕಾಯುತ್ತಿದ್ದೆ. ಕಾಯುವಷ್ಟು ದಿನ ಸುಮ್ಮನೆ ಕೂರಲಾರದೆ ಒಂದು ಕ್ಲಿನಿಕ್ಕಿನಲ್ಲಿ ಡೆಂಟಲ್ ನರ್ಸ್ ಕೆಲಸಕ್ಕೆ ಸೇರಿದೆ. ಹನ್ನೊಂದು ವರ್ಷ ಡ್ರಿಲ್ ಹಿಡಿದ ಕೈಯಲ್ಲಿ ಜೊಲ್ಲು ಹೀರುವ ಪೈಪು. ನನಗಿಂತ ಹತ್ತು ವರ್ಷ ಚಿಕ್ಕವನಾದ ಡೆಂಟಿಸ್ಟ್ ಕೇಳಿದ್ದನ್ನು ಎತ್ತಿ ಕೊಡುವುದು, ರೋಗಿ ಎದ್ದುಹೋದ ಮೇಲೆ ಕುರ್ಚಿ ಒರೆಸುವುದು. ಒರೆಸಿದೆ. ಏನೂ ಅನ್ನಿಸಲಿಲ್ಲ ಎಂದು ಹೇಳಿದರೆ ಅದು ಏಳನೆಯ ಸುಳ್ಳಾಗುತ್ತದೆ.

ಅಲ್ಲಿಗೆ ಒಂದು ಸೆಪ್ಟೆಂಬರಿನಲ್ಲಿ ಮುರಿದ ದವಡೆ ಹಲ್ಲು ಹಿಡಿದುಕೊಂಡು ಬಂದವರು ಕೀಪರ್. ನಗರದ ಉತ್ತರಕ್ಕೆ ಒಂದು ಹಳೆಯ ಬಂಗಲೆಯ ಸುತ್ತ ಜಿಂಕೆ ಪಾರ್ಕು ಇದೆ; ಅಲ್ಲಿಯ ಜಿಂಕೆಗಳನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವರು. ಎತ್ತರದ ಆಳು, ಕೆಂಪು ಕತ್ತು, ಮಾತು ಕಡಿಮೆ. ಹಲ್ಲು ತುಂಬಿಸಿದ ಮೇಲೆ ಕುರ್ಚಿಯಿಂದ ಏಳುತ್ತ, ಮರಗಟ್ಟಿದ ತುಟಿಯಲ್ಲೇ ಡೆಂಟಿಸ್ಟನ್ನು ಕೇಳಿದರು: "ನನ್ನ ಹಲ್ಲು ನೋಡಿ ವಯಸ್ಸು ಹೇಳ್ತೀರಾ?"

ಹುಡುಗ ನಕ್ಕು ಕಂಪ್ಯೂಟರ್ ಕಡೆ ತಿರುಗಿದ. ನನ್ನ ಬಾಯಿ ಸುಮ್ಮನಿರಲಿಲ್ಲ. "ಅರವತ್ತನಾಲ್ಕು," ಎಂದೆ. "ಎಡಗಡೆ ಹಲ್ಲು ಕಡಿಯೋ ಅಭ್ಯಾಸ ಇದೆ. ಪೈಪ್ ಸೇದ್ತಿದ್ರಿ, ಈಗ ಬಿಟ್ಟಿದ್ದೀರಿ."

ಅವರು ನನ್ನತ್ತ ಪೂರ್ತಿ ತಿರುಗಿದರು. "ಅರವತ್ತೈದು," ಎಂದರು. "ಪೈಪ್ ಬಿಟ್ಟು ಎಂಟು ವರ್ಷ ಆಯ್ತು. ನೀವು ನರ್ಸ್ ಅಲ್ಲ."

"ಊರಲ್ಲಿ ಡಾಕ್ಟರ್."

"ಹಾಗಾದ್ರೆ ಡಾಕ್ಟರೇ," ಎಂದರು ಕೀಪರ್. ಈ ದೇಶಕ್ಕೆ ಬಂದು ಎರಡು ವರ್ಷವಾಗಿತ್ತು. ನನ್ನನ್ನು ಹಾಗೆ ಕರೆದವರು ಅವರೊಬ್ಬರೇ. ಮುಂದೆ ನಡೆದದ್ದಕ್ಕೆಲ್ಲ ಇದೇ ಬೇರು.

ಅವರಿಗೆ ಬೇಕಾಗಿದ್ದದ್ದು ದವಡೆ ಓದುವವರು. ಆ ಪಾರ್ಕಿನಲ್ಲಿ ಫ್ಯಾಲೋ ಎಂಬ ಜಾತಿಯ ಜಿಂಕೆಗಳಿವೆ, ಬೇಸಿಗೆಯಲ್ಲಿ ನಮ್ಮ ಚುಕ್ಕಿ ಜಿಂಕೆಯಂತೆಯೇ ಕಾಣುವಂಥವು. ಬೇಟೆಯಾಡುವ ಪ್ರಾಣಿ ಯಾವುದೂ ಉಳಿದಿಲ್ಲವಾದ್ದರಿಂದ ಮಂದೆ ಬೆಳೆಯುತ್ತದೆ, ಹುಲ್ಲು ಸಾಲುವುದಿಲ್ಲ. ಆದ್ದರಿಂದ ಪ್ರತಿ ಚಳಿಗಾಲ, ಗೇಟು ತೆರೆಯುವ ಮುಂಚಿನ ಹೊತ್ತಿನಲ್ಲಿ, ಕೀಪರ್ ಗೊತ್ತುಮಾಡಿದಷ್ಟು ಹೆಣ್ಣು ಜಿಂಕೆಗಳನ್ನು ಹೊಡೆಯಬೇಕು. ಹಲ್ಲು ಸವೆದು ಫೆಬ್ರವರಿಯಲ್ಲಿ ಹಸಿವಿನಿಂದ ಸಾಯುವ ಮುದಿ ಜಿಂಕೆಗಳನ್ನು ಹೊಡೆಯಬೇಕು. ಮರಿ ಹಾಕಿ ಸಾಕುವ ಪ್ರಾಯದವನ್ನು ಬಿಡಬೇಕು. ಯಾವುದು ಮುದಿ, ಯಾವುದು ಪ್ರಾಯ ಎಂದು ನೂರು ಗಜದಿಂದ ನೋಡಿ ತೀರ್ಮಾನಿಸುವುದೇ ಅವರ ವಿದ್ಯೆ. ಮುಖ ಉದ್ದವಾಗಿದೆಯೇ, ಕತ್ತು ಸೊರಗಿದೆಯೇ, ಬೆನ್ನು ಬಾಗಿದೆಯೇ, ಹೆಜ್ಜೆ ಹೇಗೆ ಎಂದು ಕ್ಷಣದಲ್ಲಿ ಅಳೆಯಬೇಕು. ಹೊಡೆದೊಡನೆ, ಬಾಯಿ ತೆರೆದು ನೋಡುವ ಮೊದಲೇ, ತಮ್ಮ ಅಂದಾಜನ್ನು ಒಂದು ಹಳದಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಕಟ್ಟುತ್ತಿದ್ದರು. ಆಮೇಲೆ ಕೆಳದವಡೆ ಬಿಡಿಸಿ ಕುದಿಸಿ ಒಣಗಿಸಿ, ಪಾರ್ಕಿನೊಳಗಿನ ತಮ್ಮ ಕೋಣೆಯ ಕಪಾಟಿನಲ್ಲಿ ಇಡುತ್ತಿದ್ದರು. ಅದನ್ನು ಓದಿ ನಿಜವಾದ ವಯಸ್ಸನ್ನು ರಿಜಿಸ್ಟರಿಗೆ ಬರೆಯುವುದು ನನ್ನ ಕೆಲಸ. ಗುರುವಾರ ನನಗೆ ಕ್ಲಿನಿಕ್ ಇರಲಿಲ್ಲ. ಒಪ್ಪಿಕೊಂಡೆ.

ಈರುಳ್ಳಿಯನ್ನೂ ಶ್ರಾವಣದಲ್ಲಿ ಮುಟ್ಟದ ಮನೆಯಿಂದ ಬಂದವಳು ನಾನು. ಅಮ್ಮ ಫೋನಿನಲ್ಲಿ ಕೇಳಿದಾಗ "ಒಂದು ಮ್ಯೂಸಿಯಂ ಥರ ಇದೆಯಮ್ಮ, ಹಲ್ಲುಗಳದ್ದು" ಎಂದು ತೇಲಿಸಿದೆ. ಗುರುವಾರ ಮನೆಗೆ ಬಂದೊಡನೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಆದರೆ ಮೇಜಿನ ಮೇಲೆ ದವಡೆ ಬಂದಾಗ ಅದು ನನಗೆ ಹಲ್ಲು ಅಷ್ಟೆ.

ಮೊದಲ ಎರಡು ವರ್ಷದ ವಯಸ್ಸು ಯಾರಿಗಾದರೂ ಗೊತ್ತಾಗುತ್ತದೆ. ಅಷ್ಟರವರೆಗೆ ದವಡೆಯ ಮೂರನೆಯ ಹಲ್ಲು ಹಾಲುಹಲ್ಲು, ಅದಕ್ಕೆ ಮೂರು ಉಬ್ಬು. ಅದು ಬಿದ್ದು ಬರುವ ಹಲ್ಲಿಗೆ ಎರಡೇ. ಕಷ್ಟ ಆಮೇಲಿನದು. ಬಿಳಿ ಎನಾಮಲ್ಲಿನ ಏಣುಗಳ ನಡುವೆ ಒಳಪದರವಾದ ಕಂದು ಡೆಂಟಿನ್ ಗೆರೆಯಂತೆ ಕಾಣುತ್ತದೆ; ವರ್ಷ ಕಳೆದಂತೆ ಏಣು ಸವೆದು, ಕಂದು ಅಗಲವಾಗುತ್ತ, ಕೊನೆಗೆ ಹಲ್ಲು ಬಟ್ಟಲಿನಂತೆ ಬೋಳಾಗುತ್ತದೆ. ಅಲ್ಲಿಯದು ಮರಳು ನೆಲ. ಹುಲ್ಲಿನ ಜೊತೆ ಮರಳೂ ಅಗಿಯುವುದರಿಂದ ಹಲ್ಲು ಬೇಗ ಸವೆಯುತ್ತದೆ ಎಂದು ಕೀಪರ್ ಮೊದಲ ದಿನವೇ ಹೇಳಿಕೊಟ್ಟರು. ನನಗದು ಹೊಸದಲ್ಲ. ಹಳ್ಳಿಗಳ ಕ್ಯಾಂಪಿನಲ್ಲಿ, ಹೊಸದಾಗಿ ಮುಳ್ಳು ಹಾಕಿಸಿದ ಬೀಸುಕಲ್ಲಿನ ಪುಡಿ ಬೆರೆತ ಹಿಟ್ಟು ತಿಂದು ನಲವತ್ತಕ್ಕೇ ಅರವತ್ತರ ಹಲ್ಲಾದವರನ್ನು ನೋಡಿದ್ದೆ.

ನವೆಂಬರ್, ಡಿಸೆಂಬರ್ ಪೂರ್ತಿ ನನಗೆ ಸಂಭ್ರಮವೋ ಸಂಭ್ರಮ. ಚೀಟಿಯಲ್ಲಿ ಎಂಟು ಎಂದಿದ್ದರೆ ಹಲ್ಲೂ ಎಂಟು ಎನ್ನುತ್ತಿತ್ತು. ಹತ್ತು ಎಂದಿದ್ದರೆ ಹತ್ತು, ತಪ್ಪಿದರೆ ಒಂದು ಆಚೆ ಈಚೆ. ಬದುಕಿರುವ ಜಿಂಕೆಯನ್ನು ದೂರದಿಂದ ನೋಡಿ ಅವರು ಹೇಳುತ್ತಿದ್ದದ್ದನ್ನು ನಾನು ಹಲ್ಲು ಕೈಯಲ್ಲಿ ಹಿಡಿದು ಹೇಳುತ್ತಿದ್ದೆ. ಕೀಪರ್ ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಟೀ ಬಗ್ಗಿಸಿ, ಎದುರು ಕೂತು, ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹಲ್ಲು ಏನನ್ನತ್ತೆ ಡಾಕ್ಟರೇ?"

ಕ್ರಿಸ್‌ಮಸ್ ರಜೆ ಮುಗಿದು ಹೋದ ಮೊದಲ ಗುರುವಾರ ಒಂದೇ ದವಡೆ ಇತ್ತು. ಚೀಟಿಯಲ್ಲಿ ಒಂಬತ್ತು. ತಿರುಗಿಸಿ ಬೆಳಕಿಗೆ ಹಿಡಿದೆ. ಏಣುಗಳು ಚೂಪಾಗಿದ್ದವು, ಕಂದು ಗೆರೆ ದಾರದಷ್ಟು. ಐದು. ಹೆಚ್ಚೆಂದರೆ ಐದು.

"ಹಲ್ಲು ಏನನ್ನತ್ತೆ?"

ಆ ಕ್ಷಣದಲ್ಲಿ ನಾನು ಆ ಕೋಣೆಯಲ್ಲಿರಲಿಲ್ಲ. ಊರಿನ ಡೆಂಟಲ್ ಕಾಲೇಜಿನ ಮೂರನೆಯ ವರ್ಷದ ವಾರ್ಡಿನಲ್ಲಿದ್ದೆ. ಅಲ್ಲಿ ವಿಭಾಗದ ಮುಖ್ಯಸ್ಥರು ರೋಗಿಯ ವಸಡಿನ ಸಂದಿನ ಆಳ ನಾಲ್ಕು ಮಿಲಿಮೀಟರ್ ಎಂದು ಹಾಳೆಯಲ್ಲಿ ಬರೆದು ಹೋಗಿರುತ್ತಿದ್ದರು. ನನ್ನ ಅಳತೆ ಕಡ್ಡಿ ಏಳು ತೋರಿಸುತ್ತಿತ್ತು. ನಾನು ನಾಲ್ಕು ಎಂದು ಬರೆಯುತ್ತಿದ್ದೆ. ನಾನೊಬ್ಬಳೇ ಅಲ್ಲ, ಇಡೀ ಬ್ಯಾಚು. ಸರ್ ಬರೆದದ್ದೇ ನಮ್ಮ ಫೈಂಡಿಂಗ್. ಅದನ್ನು ಹೆದರಿಕೆ ಎಂದು ನಾವು ಯಾರೂ ಕರೆಯುತ್ತಿರಲಿಲ್ಲ. ಮರ್ಯಾದೆ ಎನ್ನುತ್ತಿದ್ದೆವು, ಮತ್ತು ಅದು ನಿಜಕ್ಕೂ ಮರ್ಯಾದೆಯೇ ಆಗಿತ್ತು. ಹಿರಿಯರ ಮುಖದ ಮುಂದೆ "ತಪ್ಪು" ಎನ್ನುವ ಪದ ನನ್ನ ನಾಲಿಗೆಯ ಮೇಲೆ ಇವತ್ತಿಗೂ ಸರಾಗವಾಗಿ ಹೊರಳುವುದಿಲ್ಲ.

"ಎಂಟು, ಸರ್. ಎಂಟೂವರೆ," ಎಂದೆ.

ಕೀಪರ್ ಉಸಿರು ಬಿಟ್ಟರು. "ಇದರ ಮೂತ್ರಪಿಂಡದ ಸುತ್ತ ತುಂಬ ಕೊಬ್ಬಿತ್ತು," ಎಂದರು. "ಮುದಿ ಜಿಂಕೆಗೆ ಅಷ್ಟಿರಲ್ಲ. ಅನುಮಾನ ಬಂತು."

"ಈ ವರ್ಷ ಓಕ್ ಕಾಯಿ ಚೆನ್ನಾಗಿ ಉದುರಿದೆಯಲ್ಲ ಸರ್," ಎಂದೆ ನಾನು. ಓಕ್ ಮರದ ಕಾಯಿ ತಿಂದ ವರ್ಷ ಜಿಂಕೆ ಕೊಬ್ಬುತ್ತದೆ ಎಂದು ನನಗೆ ಹೇಳಿಕೊಟ್ಟವರೂ ಅವರೇ. ಅವರದೇ ಮಾತನ್ನು ಅವರಿಗೇ ಸಮಾಧಾನವಾಗಿ ತಿರುಗಿಸಿ ಕೊಟ್ಟೆ. ಅವರು ತಲೆಯಾಡಿಸಿ ಟೀ ಬಗ್ಗಿಸಿದರು. ಸ್ವಲ್ಪ ಲೋಟದ ಹೊರಗೆ ಬಿತ್ತು. ಬಟ್ಟೆ ತೆಗೆದುಕೊಂಡು ಒರೆಸಿದೆ.

ಮುಂದಿನ ವಾರ ಚೀಟಿಯಲ್ಲಿ ಎಂಟು, ಹಲ್ಲಿನಲ್ಲಿ ನಾಲ್ಕು. ಅದರ ಮುಂದಿನ ವಾರ ಹತ್ತು, ಹಲ್ಲಿನಲ್ಲಿ ಆರು. ಎಲ್ಲವೂ ತಪ್ಪಿರಲಿಲ್ಲ, ನಡುನಡುವೆ ಸರಿಯಾದವೂ ಬರುತ್ತಿದ್ದವು, ಬಂದಾಗ ನನಗೆ ಹಬ್ಬವಾಗುತ್ತಿತ್ತು. ತಪ್ಪಿದವಕ್ಕೆ ಮರಳಿನ ನೆಪ ಮಾಡಿಕೊಂಡೆ. ಮರಳು ನೆಲದಲ್ಲಿ ಹಲ್ಲು ನಂಬುವಂತಿಲ್ಲ, ಎರಡು ಮೂರು ವರ್ಷ ಆಚೆ ಈಚೆ ಆಗುತ್ತದೆ ಎಂದು. ಇದು ಎಷ್ಟು ದೊಡ್ಡ ಮೋಸ ಎಂದು ನನಗೆ ಗೊತ್ತಿತ್ತು. ಮರಳು ಹಲ್ಲನ್ನು ಹೆಚ್ಚು ಸವೆಸುತ್ತದೆ. ಅಂದರೆ ಹಲ್ಲು ಐದು ಎಂದರೆ ಜಿಂಕೆಗೆ ನಾಲ್ಕಿರಬಹುದು, ಒಂಬತ್ತು ಎಂದೂ ಇರಲಾರದು. ನೆಪ ಕೂಡ ಉಲ್ಟಾ ದಿಕ್ಕಿನದು.

ಫೆಬ್ರವರಿ ಮುಗಿಯುವ ಹೊತ್ತಿಗೆ ಕಪಾಟಿನಲ್ಲಿ ಅಂಥವು ಆರು ಇದ್ದವು. ಟೀ ಪ್ರತಿ ವಾರವೂ ಚೆಲ್ಲುತ್ತಿತ್ತು. ಬೈನಾಕ್ಯುಲರಿನ ಗಾಜನ್ನು ಅವರು ಮತ್ತೆ ಮತ್ತೆ ಒರೆಸುತ್ತಿದ್ದರು. ನಾನು ಹಲ್ಲಿನ ಡಾಕ್ಟರಾದರೂ ಕಣ್ಣಿಗೆ ಪೊರೆ ಬಂದವರನ್ನು ಕಂಡವಳು. ಗೊತ್ತಾಗಿತ್ತು. ಗೊತ್ತಾದದ್ದನ್ನು ಗೊತ್ತಾಗದ ಹಾಗೆ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಪಾರ್ಕಿನ ಮ್ಯಾನೇಜರ್ ಒಂದು ದಿನ ನಾವಿದ್ದಲ್ಲಿಗೆ ಬಂದರು. ಚುರುಕಿನ ಹೆಂಗಸು, ಕೈಯಲ್ಲಿ ಸದಾ ಫೈಲು. ರಿಜಿಸ್ಟರ್ ತಿರುವಿ ಹಾಕಿ, "ಕೀಪರ್ ಅಂದಾಜು, ನಿಮ್ಮ ರೀಡಿಂಗ್, ಎರಡೂ ಇಷ್ಟು ಹೊಂದೋದನ್ನ ನಾನೆಲ್ಲೂ ನೋಡಿಲ್ಲ," ಎಂದು ಹೊಗಳಿದರು. ಈ ವರ್ಷದ ದಾಖಲೆಗೆ ಇರಲಿ ಎಂದು ಎಲ್ಲ ದವಡೆಗಳಿಂದಲೂ ಒಂದೊಂದು ಹಲ್ಲನ್ನು ಲ್ಯಾಬಿಗೆ ಕಳಿಸುವುದಾಗಿ ಹೇಳಿದರು. ಅಲ್ಲಿ ಹಲ್ಲನ್ನು ತೆಳ್ಳಗೆ ಸೀಳಿ, ಬೇರಿನಲ್ಲಿ ವರ್ಷಕ್ಕೊಂದರಂತೆ ಕಟ್ಟುವ ಗೆರೆಗಳನ್ನು ಎಣಿಸುತ್ತಾರೆ, ಮರದ ಕಾಂಡದಲ್ಲಿ ಎಣಿಸಿದ ಹಾಗೆ. ಗೆರೆಗೆ ಯಾರ ಮರ್ಯಾದೆಯೂ ಗೊತ್ತಿಲ್ಲ. ಉತ್ತರ ಬರಲು ಕೆಲವು ವಾರ ಎಂದರು. ಹಲ್ಲುಗಳನ್ನು ಕೀಳಲು ನನಗೇ ಹೇಳಿದರು. ಕಿತ್ತೆ. ಒಂದರ ಬೇರು ಮುರಿಯಿತು. ಹನ್ನೊಂದು ವರ್ಷದಲ್ಲಿ ಅಂಥ ಕೀಳುವಿಕೆ ನಾನು ಮಾಡಿರಲಿಲ್ಲ.

ಆ ಭಾನುವಾರ ಲೆಸ್ಟರಿನ ದೇವಸ್ಥಾನಕ್ಕೆ ಹೋಗಿ, ಸಾಮಾನು ಕೊಂಡು ವಾಪಸು ಬರುವಾಗ, ಕಾರಿನಲ್ಲಿ ತೊಡೆಯ ಮೇಲೆ ಕರಿಬೇವಿನ ಕಟ್ಟು ಇಟ್ಟುಕೊಂಡು ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಲಫ್‌ಬರೋದಲ್ಲಿ ಇಂಜಿನಿಯರ್. ಯಾವ ಸಂಕಟವನ್ನಾದರೂ ಎರಡು ವಾಕ್ಯದಲ್ಲಿ ಮುಗಿಸುವವರು.

"ಅಲ್ಲ ಕಣೇ, ಜಿಂಕೆ ಸತ್ತಾಯ್ತು. ಅದಕ್ಕೆ ಐದಾದ್ರೇನು, ಒಂಬತ್ತಾದ್ರೇನು? ಬರ್ತ್‌ಡೇ ಮಾಡ್ಬೇಕಾ?"

"ತಮಾಷೆ ಬೇಡ. ಗೊತ್ತಾದ್ರೆ ಅವ್ರ ಕೈಯಿಂದ ಬಂದೂಕು ತಗೋತಾರೆ. ಮೂವತ್ತು ವರ್ಷ ಮಾಡಿದ ಕೆಲ್ಸ ರೀ ಅದು."

ಅವರು ಮುಂದಿನ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದರು. ಆಮೇಲೆ, "ಒಂದ್ನಿಮಿಷ," ಎಂದರು. "ಕಣ್ಣು ಕಾಣದೇ ಇರೋರು ಪಾರ್ಕಲ್ಲಿ ರೈಫಲ್ ಹಿಡ್ಕೊಂಡು ಓಡಾಡ್ತಿದಾರೆ. ಅದು ಗೊತ್ತಿರೋದು ನಿನಗೊಬ್ಳಿಗೇ. ನೀನು ಎಂಟೂವರೆ ಅಂತ ಬರೀತಿದ್ದೀಯಾ?"

ಅದುವರೆಗೆ ನಾನು ಹೆದರಿದ್ದು ಲ್ಯಾಬಿಗೆ, ಮ್ಯಾನೇಜರಿಗೆ, ಕೀಪರರ ಮುಖ ಬಾಡುವುದಕ್ಕೆ. ಬೇಲಿಯ ಆಚೆ ಬೆಳಿಗ್ಗೆಯೇ ನಾಯಿ ಹಿಡಿದು ನಡೆಯುವ ಜನರ ಕಾಲುದಾರಿ ಇದೆ ಎಂಬುದು ತಲೆಗೆ ಹೋಗಿರಲಿಲ್ಲ. ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಕೀಳುತ್ತ ಮನೆ ತಲುಪಿದೆ. ಮುಂದಿನ ಮೂರು ದಿನ ಕ್ಲಿನಿಕ್ಕಿನಲ್ಲಿ ಬಾಗಿಲು ಜೋರಾಗಿ ಬಡಿದುಕೊಂಡರೂ ಬೆಚ್ಚಿಬೀಳುತ್ತಿದ್ದೆ.

ಗುರುವಾರ ಟ್ರಾಮಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. "ಸರ್, ನನಗೆ ಸ್ವಲ್ಪ ಸಂದೇಹವಿದೆ" ಎಂದು ಶುರು ಮಾಡುವುದು. ಆಮೇಲೆ ತಪ್ಪನ್ನು ಪೂರ್ತಿ ನನ್ನ ಮೇಲೆ ಹಾಕಿಕೊಳ್ಳುವುದು. ಓದಲು ನನಗೆ ಬರಲಿಲ್ಲ ಎನ್ನುವುದು. ಅಂದರೆ ಸತ್ಯ ಹೇಳಲು ಹೊರಟವಳು ಇನ್ನೊಂದು ಸುಳ್ಳನ್ನು ಇಸ್ತ್ರಿ ಮಾಡಿಕೊಳ್ಳುತ್ತಿದ್ದೆ.

ಕೋಣೆಯೊಳಗೆ ಕೀಪರ್ ಕೂತಿದ್ದರು. ಮೇಜಿನ ಮೇಲೆ ಆ ವಾರದ ದವಡೆ. ಚೀಟಿಯಲ್ಲಿ ಎಂಟು. ಕೈಗೆ ತೆಗೆದುಕೊಂಡೆ, ಮತ್ತು ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ಮೂರನೆಯ ಹಲ್ಲಿಗೆ ಮೂರು ಉಬ್ಬುಗಳಿದ್ದವು. ಹಾಲುಹಲ್ಲು. ಅದರ ಕೆಳಗಿನಿಂದ ಹೊಸ ಹಲ್ಲು ಇನ್ನೂ ಇಣುಕಿಯೂ ನೋಡಿರಲಿಲ್ಲ. ಇದಕ್ಕೆ ಮರಳಿಲ್ಲ, ಓಕ್ ಕಾಯಿಯಿಲ್ಲ, ಆಚೆ ಈಚೆ ಇಲ್ಲ.

"ಹಲ್ಲು ಏನನ್ನತ್ತೆ ಡಾಕ್ಟರೇ?"

"ಇದಕ್ಕೆ ಎರಡು ವರ್ಷ ತುಂಬಿಲ್ಲ," ಎಂದೆ. ದನಿ ನನ್ನದೆನ್ನಿಸಲಿಲ್ಲ.

ಅವರು ದವಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೂರನೆಯ ಹಲ್ಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು: "ಇದೊಂದೇನಾ?"

ಕಪಾಟಿನಿಂದ ಆರನ್ನೂ ತೆಗೆದು ಅವರ ಮುಂದೆ ಸಾಲಾಗಿಟ್ಟೆ. ಹುಡುಕಬೇಕಾಗಿರಲಿಲ್ಲ, ಯಾವುದು ಎಲ್ಲಿದೆ ಎಂದು ಕಣ್ಣುಮುಚ್ಚಿಯೂ ಹೇಳಬಲ್ಲವಳಾಗಿದ್ದೆ. ಒಂದೊಂದನ್ನೇ ಮುಟ್ಟಿ ಹೇಳಿದೆ. ಐದು. ನಾಲ್ಕು. ಆರು. ನಾಲ್ಕು. ಐದು. ಮೂರು. ಪ್ರತಿಯೊಂದಕ್ಕೂ ಅವರು ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ತಮ್ಮ ಸಂಖ್ಯೆಯನ್ನು ಹೊಡೆದುಹಾಕಿ, ನನ್ನದನ್ನು ಕೆಳಗೆ ಬರೆದರು.

"ನಿಮಗೆ ಬೇಜಾರಾಗಬಾರದು ಅಂತ ಹೇಳಲಿಲ್ಲ ಸರ್," ಎಂದೆ. "ಗೊತ್ತಾದ್ರೆ ನಿಮ್ಮನ್ನ ಕೆಲಸದಿಂದ ಬಿಡಿಸ್ತಾರೆ ಅಂತ. ನಿಮ್ಮ ಮೇಲಿನ ಗೌರವಕ್ಕೆ."

"ನಾನು ಯಾವ ಸರ್ ಕೂಡ ಅಲ್ಲ," ಎಂದರು. ಕೋಪವಿರಲಿಲ್ಲ, ಬಹಳ ದಣಿದಿದ್ದರು. "ಸೆಪ್ಟೆಂಬರಿನಲ್ಲೇ ಕಣ್ಣು ಪರೀಕ್ಷೆ ಮಾಡಿದ ಹುಡುಗಿ ಹೇಳಿದ್ಳು, ಪೊರೆ ಶುರುವಾಗಿದೆ ಅಂತ. ಯಾವಾಗ ನಿಲ್ಲಿಸಬೇಕು ಅಂತ ನನಗೆ ಹೇಗೆ ಗೊತ್ತಾಗುತ್ತೆ ಅಂದೆ. ಅವಳಿಗೆ ಗೊತ್ತಿರಲಿಲ್ಲ. ಅದೇ ವಾರ ಹಲ್ಲು ಮುರೀತು. ನೀವು ನನ್ನ ಮುಖಕ್ಕೇ ಅರವತ್ತನಾಲ್ಕು ಅಂದ್ರಿ. ಪೈಪ್ ಅಂದ್ರಿ. ಆಗ ಅಂದುಕೊಂಡೆ, ಇವರು ಹೇಳ್ತಾರೆ ಅಂತ."

ಅವರು ಒಂದು ಚೀಟಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿದರು.

"ಚೀಟಿ ಬರೀತಿದ್ದದ್ದು ಆಫೀಸಿಗಲ್ಲ. ನನ್ನ ಕಣ್ಣಿಗೆ. ಪ್ರತಿ ಗುರುವಾರ ಬೆಳಿಗ್ಗೆ ಇಲ್ಲಿ ಕೂತು, ಇವತ್ತು ಹೇಳ್ತಾರೆ ಅಂತ ಕಾಯ್ತಿದ್ದೆ. ಹೆದರ್ತಾನೂ ಇದ್ದೆ. ನೀವು ಎಂಟೂವರೆ ಅಂದಿರಿ. ಸರಿ, ಇನ್ನೊಂದು ವಾರ ಇದೆ ನನಗೆ ಅಂದುಕೊಂಡೆ."

ಗುರುವಾರದ ಹೆದರಿಕೆ ನನಗೊಬ್ಬಳಿಗೇ ಎಂದು ತಿಳಿದಿದ್ದೆ. ಒಂದೇ ಮೇಜಿನ ಎರಡು ಕಡೆ ಇಬ್ಬರೂ ಒಂದೇ ಪ್ರಶ್ನೆಗೆ ಹೆದರಿಕೊಂಡು ಕೂತಿದ್ದೆವು, ಮತ್ತು ಉತ್ತರ ನನ್ನ ಕೈಯಲ್ಲಿತ್ತು. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಆರು ಜಿಂಕೆಗಳಲ್ಲಿ ಮೊದಲನೆಯದು ಅವರ ಕಣ್ಣಿನ ತಪ್ಪು. ಉಳಿದ ಐದು, ಮತ್ತು ಈ ಹಾಲುಹಲ್ಲಿನದು, ನನ್ನವು.

ಅವರು ಎದ್ದು ಆಫೀಸಿಗೆ ಫೋನ್ ಮಾಡಿ, ಇವತ್ತಿನಿಂದ ತಾವು ಬಂದೂಕು ಹಿಡಿಯುವುದಿಲ್ಲ ಎಂದು ಮೂರು ಮಾತಿನಲ್ಲಿ ಹೇಳಿದರು. ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. ನಾನು ನನ್ನದೇ ಅಕ್ಷರವನ್ನು ಆರು ಕಡೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿದೆ. ಲ್ಯಾಬಿನ ಕಾಗದ ಏಪ್ರಿಲ್‌ನಲ್ಲಿ ಬಂತು. ಎರಡನೆಯ ಸಲ ಬರೆದದ್ದರಲ್ಲಿ ಒಂದು ಮಾತ್ರ ಒಂದು ವರ್ಷ ತಪ್ಪಿತ್ತು. ಅಷ್ಟು ಚೆನ್ನಾಗಿ ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿರಲಿಲ್ಲ.

ಆ ಗುರುವಾರ ನಾನು ಸಹಿ ಹಾಕಿ ಪೆನ್ನು ಕೆಳಗಿಟ್ಟಾಗ ಕೀಪರ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ಎಂದಿನಂತೆ ಎರಡು ಲೋಟ. ಬಗ್ಗಿಸಿದರು. ಟೀ ಲೋಟದ ಅಂಚಿನಿಂದ ಹೊರಗೆ ಬಿದ್ದು, ಮೇಜಿನ ಮೇಲೆ ಹರಿದು, ಚೀಟಿಗಳ ಕಡೆ ಹೊರಟಿತು. ನನ್ನ ಕೈ ತಾನಾಗಿಯೇ ಬಟ್ಟೆಗೆ ಹೋಯಿತು.

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಒರೆಸಬೇಡಿ," ಎಂದರು. "ಎಷ್ಟು ಚೆಲ್ಲಿದೆ ಹೇಳಿ."

"ಅರ್ಧ ಲೋಟ," ಎಂದೆ.